ಬೆಳಗಿನ ಕೆಮ್ಮು, ಏರಿನಲ್ಲಿ ದಮ್ಮು: ಸಿಗರೇಟು ಸೇದುವವರು ಹೃದಯವನ್ನೂ ನೋಡಿಸಿಕೊಳ್ಳಬೇಕೇ?

ಪ್ರಶ್ನೆ: ನನಗೆ 49 ವರ್ಷ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುತ್ತೇನೆ. ಇಪ್ಪತ್ತೈದು ವರ್ಷಗಳಿಂದ ದಿನಕ್ಕೆ ಹದಿನೈದು ಸಿಗರೇಟು ಸೇದಿದ್ದೇನೆ, ಬ್ಯಾರನ್ (ಸೊಪ್ಪು ಬೇಯಿಸುವ ಮನೆ) ಕೆಲಸದ ದಿನಗಳಲ್ಲಿ ಬೀಡಿಯೂ ಇರುತ್ತದೆ. ನಾಲ್ಕೈದು ವರ್ಷಗಳಿಂದ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು, ಕಫ. ಈಗೀಗ ಏರು ಹತ್ತುವಾಗ ದಮ್ಮು ಕಟ್ಟುತ್ತದೆ. ಹಾಸನದಲ್ಲಿ ಎದೆಯ ಎಕ್ಸ್‌ರೇ, ಊದಿಸಿ ನೋಡುವ ಪರೀಕ್ಷೆ, ಇಸಿಜಿ ಮೂರನ್ನೂ ಮಾಡಿಸಿದೆ. ಎಲ್ಲವೂ ನಾರ್ಮಲ್ ಎಂದರು. ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿಗಳನ್ನು ಕೇಳಿದಾಗಿನಿಂದ ಮನೆಯವರು ಹೆದರಿದ್ದಾರೆ. ಈ ಕೆಮ್ಮಿಗೂ ಹೃದಯಕ್ಕೂ ಸಂಬಂಧವಿದೆಯೇ? ಸಿಗರೇಟನ್ನು ದಿನಕ್ಕೆ ಮೂರಕ್ಕೆ ಇಳಿಸಿದ್ದೇನೆ, ಅಷ್ಟು ಸಾಕೇ? ಇನ್‌ಹೇಲರ್ ಕೊಟ್ಟಿದ್ದರು, ಎದೆಬಡಿತ ಜಾಸ್ತಿಯಾಗುತ್ತದೆಂದು ಬಿಟ್ಟು ಕೆಮ್ಮಿನ ಸಿರಪ್ ಕುಡಿಯುತ್ತಿದ್ದೇನೆ. ಆಂಜಿಯೋಗ್ರಾಂ ಮಾಡಿಸಿಬಿಡಲೇ?

ಉತ್ತರ: ಸಂಬಂಧವಿದೆ. ಹಲವು ವರ್ಷ ಸಿಗರೇಟು ಸೇದಿದವರಲ್ಲಿ ಬಿಡದೆ ಕಾಡುವ ಕೆಮ್ಮು, ಕಫ ಮತ್ತು ಏದುಸಿರನ್ನು ಶ್ವಾಸಕೋಶದ ತೊಂದರೆಯೆಂದಷ್ಟೇ ತಿಳಿದು ಹೃದಯವನ್ನು ಮರೆತುಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯವಾಗಿದೆ. ರೋಗಿಗಳಷ್ಟೇ ಅಲ್ಲ, ಎಷ್ಟೋ ಸಲ ವೈದ್ಯರೂ ಹಾಗೆಯೇ ಯೋಚಿಸುತ್ತಾರೆ. ಎದೆರೋಗದ ವೈದ್ಯರು ಶ್ವಾಸಕೋಶ ನೋಡುತ್ತಾರೆ, ಹೃದ್ರೋಗ ತಜ್ಞರು ಹೃದಯ ನೋಡುತ್ತಾರೆ; ಎರಡಕ್ಕೂ ಒಂದೇ ಹೊಗೆ ಹೋಗುತ್ತಿದೆ ಎಂಬುದನ್ನು ಯಾರೂ ಒಟ್ಟಾಗಿ ಕೂತು ಹೇಳುವುದಿಲ್ಲ. ನಿಮ್ಮ ಮೂರು ಪರೀಕ್ಷೆಗಳು ಸರಿಯಾಗಿ ಬಂದಿರುವುದು ಸಮಾಧಾನದ ಸಂಗತಿಯೇ. ಆದರೆ ಅವು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಊದಿಸಿ ನೋಡುವ ಪರೀಕ್ಷೆಯನ್ನು ಸ್ಪೈರೊಮೆಟ್ರಿ ಎನ್ನುತ್ತೇವೆ. ಎದೆ ತುಂಬ ಉಸಿರೆಳೆದುಕೊಂಡು ಬಲವಾಗಿ ಊದಿದಾಗ ಒಟ್ಟು ಎಷ್ಟು ಗಾಳಿ ಹೊರಬಂತು, ಅದರಲ್ಲಿ ಎಷ್ಟು ಪಾಲು ಮೊದಲ ಸೆಕೆಂಡಿನಲ್ಲೇ ಬಂತು ಎಂಬುದನ್ನು ಅದು ಅಳೆಯುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಈ ಪಾಲು ಶೇಕಡಾ 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ, ಎನ್ನುತ್ತಾರೆ. ನಿಮ್ಮದು ಆ ಗೆರೆಗಿಂತ ಮೇಲಿದೆ. ಆದರೆ ಕಫ ಹುಟ್ಟುವುದು ಹೆಚ್ಚಾಗಿ ದೊಡ್ಡ ಶ್ವಾಸನಾಳಗಳ ಗ್ರಂಥಿಗಳಲ್ಲಿ, ಅದನ್ನು ಈ ಪರೀಕ್ಷೆ ಅಳೆಯುವುದಿಲ್ಲ. ಸಿಗರೇಟು ಮೊದಲು ಕೆಡಿಸುವುದು ಎರಡು ಮಿಲಿಮೀಟರಿಗಿಂತ ಸಣ್ಣದಾದ ನಾಳಗಳನ್ನು. ಈ ಸಣ್ಣ ನಾಳಗಳು ಬಹಳಷ್ಟು ಕೆಡುವವರೆಗೂ ಸ್ಪೈರೊಮೆಟ್ರಿಯ ಅಂಕಿಗಳು ಅಲುಗಾಡದೇ ಇರಬಹುದು. ಅಮೆರಿಕದಲ್ಲಿ ನಡೆದ ಸ್ಪೈರೊಮಿಕ್ಸ್ ಎಂಬ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಸ್ಪೈರೊಮೆಟ್ರಿ ಸರಿಯಾಗಿದ್ದ ಧೂಮಪಾನಿಗಳು ಮತ್ತು ಸಿಗರೇಟು ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೆಮ್ಮು, ಕಫ, ಏದುಸಿರಿನಂತಹ ಲಕ್ಷಣಗಳು ಗಣನೀಯವಾಗಿಯೇ ಇದ್ದವು. ನಾರ್ಮಲ್ ಎಂಬ ವರದಿ ಕೈಗೆ ಬಂದ ಮೇಲೂ ಕೆಮ್ಮುವವರು ನೀವೊಬ್ಬರೇ ಅಲ್ಲ.

ವರ್ಷಕ್ಕೆ ಕನಿಷ್ಠ ಮೂರು ತಿಂಗಳು, ಸತತ ಎರಡು ವರ್ಷ ಕಫದ ಕೆಮ್ಮಿದ್ದು ಅದಕ್ಕೆ ಬೇರೆ ಕಾರಣ ಸಿಗದಿದ್ದರೆ ಅದು ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ಶ್ವಾಸನಾಳಗಳ ಉರಿಯೂತ. ನೀವು ಬರೆದಿರುವ ಲಕ್ಷಣ ಇದಕ್ಕೆ ಹೊಂದುತ್ತದೆ. ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಮಾತ್ರ ಮುಖ್ಯ. ಎರಡು ವಾರ ಮೀರಿದ ಕೆಮ್ಮಿಗೆ ನಮ್ಮ ದೇಶದಲ್ಲಿ ಕ್ಷಯದ ಕಫ ಪರೀಕ್ಷೆ ಆಗಲೇಬೇಕು. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎಕ್ಸ್‌ರೇ ಸರಿಯಿದ್ದರೂ ಆ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿಕೊಳ್ಳಿ.

ಈಗ ಹೃದಯದ ವಿಷಯ. ಫಿನ್ಲೆಂಡಿನಲ್ಲಿ ಸಾವಿರಾರು ಗಂಡಸರು ಮತ್ತು ಹೆಂಗಸರನ್ನು ಹದಿಮೂರು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ದೀರ್ಘಕಾಲದ ಬ್ರಾಂಕೈಟಿಸ್‌ನ ಲಕ್ಷಣಗಳಿದ್ದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚೆಂದು ತೋರಿಸಿತು. ಧೂಮಪಾನ, ಬಿಪಿ, ಕೊಲೆಸ್ಟರಾಲ್ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತು. ಅಂದರೆ ಒಂದೇ ವಯಸ್ಸಿನ, ಒಂದೇ ಪ್ರಮಾಣದಲ್ಲಿ ಸೇದುವ ಇಬ್ಬರಲ್ಲಿ ಕೆಮ್ಮಿ ಕಫ ತೆಗೆಯುವವರ ಹೃದಯಕ್ಕೆ ಹೆಚ್ಚು ಅಪಾಯ. ಅದೇ ವರ್ಷ ಸ್ಕಾಟ್ಲೆಂಡಿನ ರೆನ್‌ಫ್ರೂ ಮತ್ತು ಪೇಸ್ಲಿ ಪಟ್ಟಣಗಳಿಂದ ಬಂದ ವರದಿಯು, ಮೊದಲ ಸೆಕೆಂಡಿನಲ್ಲಿ ಊದಬಲ್ಲ ಗಾಳಿ ಕಡಿಮೆಯಾದಂತೆಲ್ಲ ಹೃದ್ರೋಗದ ಸಾವೂ ಹೆಚ್ಚುತ್ತದೆಂದು ಕಂಡಿತು.

ನನ್ನ ಮಟ್ಟಿಗೆ ಇವೆರಡಕ್ಕಿಂತಲೂ ಯೋಚನೆಗೆ ಹಚ್ಚುವ ಲೆಕ್ಕ ಇನ್ನೊಂದಿದೆ. ಅಮೆರಿಕ ಮತ್ತು ಕೆನಡಾದಲ್ಲಿ 1986ರಲ್ಲಿ ಆರಂಭವಾದ ಲಂಗ್ ಹೆಲ್ತ್ ಸ್ಟಡಿ ಎಂಬ ಪ್ರಯೋಗಕ್ಕೆ 35ರಿಂದ 60 ವರ್ಷದೊಳಗಿನ, ಆರಂಭದ ಹಂತದ ಸಿಒಪಿಡಿ ಇದ್ದ 5,887 ಧೂಮಪಾನಿಗಳು ಸೇರಿದ್ದರು. ಹದಿನಾಲ್ಕೂವರೆ ವರ್ಷಗಳಲ್ಲಿ ಅವರಲ್ಲಿ 731 ಮಂದಿ ತೀರಿಕೊಂಡರು. ಅದರಲ್ಲಿ ಶೇಕಡಾ 33ರಷ್ಟು ಸಾವಿಗೆ ಶ್ವಾಸಕೋಶದ ಕ್ಯಾನ್ಸರ್, 22ರಷ್ಟಕ್ಕೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಕಾರಣವಾಗಿತ್ತು. ಉಸಿರಾಟದ ಕಾಯಿಲೆಯಿಂದಲೇ ಸತ್ತವರು ಶೇಕಡಾ 8ರಷ್ಟೂ ಇರಲಿಲ್ಲ. ದಮ್ಮು ಕಟ್ಟಿ ಪ್ರಾಣ ಹೋಗುತ್ತದೆಂದು ಹೆದರುವವರಲ್ಲಿ ಬಹುಮಂದಿ ಆ ಹಂತ ಮುಟ್ಟುವ ಮೊದಲೇ ಬೇರೆ ಕಾಯಿಲೆಗೆ ಬಲಿಯಾಗುತ್ತಾರೆ ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ಶ್ವಾಸಕೋಶದ ಉರಿಯೂತ ಹೃದಯವನ್ನು ಮುಟ್ಟುವುದು ಹೇಗೆ ಎಂದು ಕೇಳಬಹುದು. ಶ್ವಾಸಕೋಶ ಮೈಯಿಂದ ಬೇರೆಯಾಗಿರುವ ಅಂಗವಲ್ಲ. ಮೈಯ ರಕ್ತವೆಲ್ಲ ಪ್ರತಿ ನಿಮಿಷವೂ ಅದರ ಮೂಲಕ ಹಾದು ಬರುತ್ತದೆ. ಶ್ವಾಸನಾಳಗಳಲ್ಲಿ ವರ್ಷಗಟ್ಟಲೆ ಉರಿಯೂತ ಇದ್ದಾಗ ಅದರ ರಾಸಾಯನಿಕಗಳು ರಕ್ತಕ್ಕೂ ಸೇರುತ್ತವೆ, ರಕ್ತನಾಳಗಳ ಒಳಪೊರೆಯನ್ನು ಕೆಡಿಸುತ್ತವೆ, ಅಲ್ಲಿ ಕೂತಿರುವ ಕೊಬ್ಬಿನ ಗಡ್ಡೆ ಒಡೆಯುವ ಸಂಭವವನ್ನು ಹೆಚ್ಚಿಸುತ್ತವೆ. ಇತ್ತ ಸಿಗರೇಟಿನ ಹೊಗೆ ರಕ್ತವನ್ನು ಹೆಪ್ಪುಗಟ್ಟಿಸುವ ಕಿರುತಟ್ಟೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುತ್ತದೆ, ನಿಕೋಟಿನ್ ಬಡಿತವನ್ನೂ ಬಿಪಿಯನ್ನೂ ಏರಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೆಚ್ಚು ದುಡಿಮೆ ಹೇರಿಸಿಕೊಂಡ ಹೃದಯಕ್ಕೆ ಅದೇ ಹೊತ್ತಿನಲ್ಲಿ ಆಮ್ಲಜನಕ ಕಡಿಮೆ ಸಿಗುತ್ತದೆ. ಈ ಕೊರತೆ ತುಂಬಿಕೊಳ್ಳಲು ಮೈ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ, ರಕ್ತ ಮಂದವಾಗುತ್ತದೆ. ಧೂಮಪಾನಿಗಳ ಹಿಮೋಗ್ಲೋಬಿನ್ ಹದಿನೇಳು, ಹದಿನೆಂಟು ಬಂದಾಗ ರಕ್ತ ಚೆನ್ನಾಗಿದೆ ಎಂದು ಹೆಮ್ಮೆಪಡುವವರನ್ನು ನೋಡಿದ್ದೇನೆ. ಅದು ಹೆಮ್ಮೆಯ ವಿಷಯವಲ್ಲ. ಸಿಒಪಿಡಿ ಮುಂದುವರಿದವರಲ್ಲಿ ಇನ್ನೊಂದು ತೊಡಕೂ ಇದೆ. ಹೊರಹೋಗದ ಗಾಳಿ ಶ್ವಾಸಕೋಶದಲ್ಲಿ ಉಳಿದು ಎದೆಗೂಡಿನೊಳಗೆ ಹೃದಯವನ್ನು ಒತ್ತುತ್ತದೆ, ಹೃದಯದ ಎಡಭಾಗ ಪೂರ್ತಿ ತುಂಬಿಕೊಳ್ಳುವುದಿಲ್ಲ. ಬಲಭಾಗವು ಬಿಗಿದುಕೊಂಡ ಶ್ವಾಸಕೋಶದ ರಕ್ತನಾಳಗಳಿಗೆ ಎದುರಾಗಿ ರಕ್ತ ತಳ್ಳಿ ತಳ್ಳಿ ದಣಿಯುತ್ತದೆ. ನೀವು ಆ ಹಂತದಲ್ಲಿಲ್ಲ, ಅಲ್ಲಿಗೆ ಹೋಗಲೂಬೇಕಿಲ್ಲ.

ಜಿಲ್ಲೆಯ ಸುದ್ದಿಯ ಬಗ್ಗೆ ಕೇಳಿದ್ದೀರಿ. 2025ರ ಮೇ ಕೊನೆಯಿಂದ ಜೂನ್‌ವರೆಗೆ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು, ಹೃದಯದ ತೊಂದರೆಯಿಂದ ತೀರಿಕೊಂಡರೆಂಬ ವರದಿಗಳು ಬಂದಾಗ ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಹೊಸದೊಂದು ನಿಗೂಢ ಕಾರಣ ಅದಕ್ಕೆ ಸಿಗಲಿಲ್ಲ. ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಮನೆತನದ ಹೃದ್ರೋಗ ಇಂಥ ಹಳೆಯ ಕಾರಣಗಳತ್ತಲೇ ಸಮಿತಿ ಬೆರಳು ಮಾಡಿತು. ಆ ದಿನಗಳಲ್ಲಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಜನ ಸಾಲುಗಟ್ಟಿದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡು, ನಾರ್ಮಲ್ ಎಂದಾಗ ಹೊರಗೆ ಬಂದು ಸಿಗರೇಟು ಹಚ್ಚಿದರೆ ಆ ಪ್ರಯಾಣದಿಂದ ಏನೂ ಆಗಲಿಲ್ಲ. ನಮ್ಮವರಿಗೆ ಹೃದಯಾಘಾತ ಬೇಗ ಬರುತ್ತದೆ ಎಂಬುದಂತೂ ಹೊಸ ಸಂಗತಿಯಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಮಧ್ಯಕ ವಯಸ್ಸು 53 ಇತ್ತು, ಉಳಿದ ದೇಶದವರದು 59ರ ಆಸುಪಾಸು. ನಿಮಗೀಗ 49.

ಇಸಿಜಿ ವಿಷಯಕ್ಕೆ ಬರುತ್ತೇನೆ. ಮಲಗಿಕೊಂಡಿರುವಾಗ ತೆಗೆದ ಇಸಿಜಿ ಆ ಕ್ಷಣದ ಹೃದಯವನ್ನು ಮಾತ್ರ ತೋರಿಸುತ್ತದೆ. ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ದರೂ ವಿಶ್ರಾಂತಿಯಲ್ಲಿರುವಾಗ ಹೃದಯಕ್ಕೆ ಸಾಕಷ್ಟು ರಕ್ತ ಸಿಗುತ್ತಿರಬಹುದು, ಆಗ ಇಸಿಜಿ ಸರಿಯಾಗಿಯೇ ಬರುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಕೆಮ್ಮಿಗಿಂತ ಹೆಚ್ಚು ಕಾಳಜಿ ಹುಟ್ಟಿಸಿದ್ದು ಏರು ಹತ್ತುವಾಗಿನ ದಮ್ಮು. ಸ್ಪೈರೊಮೆಟ್ರಿ ಸರಿಯಿದ್ದೂ ಹೀಗಾಗುತ್ತಿದ್ದರೆ ಅದನ್ನು ಶ್ವಾಸಕೋಶದ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ಕೆಲವರಲ್ಲಿ ಹೃದಯದ ರಕ್ತನಾಳದ ತೊಂದರೆ ಎದೆನೋವಾಗಿ ಕಾಣಿಸದೆ ಏದುಸಿರಾಗಿಯೇ ಕಾಣಿಸುತ್ತದೆ. ಹತ್ತುವಾಗ ಬಂದು, ನಿಂತರೆ ಕೆಲವೇ ನಿಮಿಷಗಳಲ್ಲಿ ಪೂರ್ತಿ ಇಳಿಯುವ ದಮ್ಮು, ಅದರ ಜೊತೆಗೆ ಎದೆ ಅಥವಾ ಗಂಟಲು ಬಿಗಿದಂತೆ ಆಗುವುದು, ಊಟವಾದ ಮೇಲೆ ನಡೆದರೆ ಹೆಚ್ಚಾಗುವುದು ಇವು ರಕ್ತನಾಳದ ತೊಂದರೆಯ ಸೂಚನೆಗಳು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು, ರಾತ್ರಿ ದಮ್ಮಿನಿಂದ ಎಚ್ಚರವಾಗುವುದು, ಸಂಜೆಗೆ ಕಾಲು ಊದುವುದು ಹೃದಯ ದುರ್ಬಲವಾಗಿರುವ ಗುರುತುಗಳಾಗಿರಬಹುದು. ಕೆಮ್ಮಿ ಕಫ ಹೋದ ಮೇಲೆ ಹಗುರವಾಗುವ, ಎದೆಯಲ್ಲಿ ಸುಂಯ್ ಎನ್ನುವ ಏದುಸಿರು ಹೆಚ್ಚಾಗಿ ಶ್ವಾಸನಾಳದ್ದು. ಆದರೆ ಲಕ್ಷಣಗಳಿಂದ ಮಾತ್ರ ಬೇರ್ಪಡಿಸಲು ಅನುಭವಿ ವೈದ್ಯರಿಗೂ ಎಷ್ಟೋ ಸಲ ಸಾಧ್ಯವಾಗುವುದಿಲ್ಲ, ಎರಡೂ ಒಟ್ಟಿಗೇ ಇರಲೂಬಹುದು.

ಹಾಗಾಗಿ ನೇರವಾಗಿ ಆಂಜಿಯೋಗ್ರಾಂಗೆ ಓಡಬೇಡಿ, ಸುಮ್ಮನೆಯೂ ಇರಬೇಡಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ನಿಮಗೆ ಅನುಕೂಲವಾದ ಇನ್ನೊಂದು ಕಡೆಯಲ್ಲೋ ವೈದ್ಯರನ್ನು ಕಂಡು, ‘ಏರು ಹತ್ತುವಾಗ ದಮ್ಮು ಬರುತ್ತದೆ, ಇಪ್ಪತ್ತೈದು ವರ್ಷ ಸಿಗರೇಟು ಸೇದಿದ್ದೇನೆ’ ಎಂಬೆರಡನ್ನೂ ಬಾಯಿಬಿಟ್ಟು ಹೇಳಿ. ಎಕೋ ಪರೀಕ್ಷೆ ಹೃದಯದ ಬಡಿತದ ಶಕ್ತಿಯನ್ನೂ ಕವಾಟಗಳನ್ನೂ ಬಲಭಾಗದ ಒತ್ತಡವನ್ನೂ ತೋರಿಸುತ್ತದೆ. ಅದು ಸರಿಯಿದ್ದರೆ ಟ್ರೆಡ್‌ಮಿಲ್ ಪರೀಕ್ಷೆಯೋ ಹೃದಯದ ರಕ್ತನಾಳಗಳ ಸಿಟಿ ಸ್ಕ್ಯಾನೋ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ತೊಡೆಯಿಂದಲೋ ಕೈಯಿಂದಲೋ ನಳಿಕೆ ಹಾಕುವ ಆಂಜಿಯೋಗ್ರಾಂ ಆಮೇಲಿನ ಮಾತು. ಇವುಗಳ ಜೊತೆಗೆ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸಕ್ಕರೆಯ ಸರಾಸರಿ, ಕೊಲೆಸ್ಟರಾಲ್, ಮೂತ್ರಪಿಂಡದ ಪರೀಕ್ಷೆ, ಹಿಮೋಗ್ಲೋಬಿನ್ ಇಷ್ಟನ್ನೂ ನೋಡಿಸಿಕೊಳ್ಳಿ. ತಂದೆಗೋ ಅಣ್ಣತಮ್ಮಂದಿರಿಗೋ 55 ವರ್ಷದೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯಾಘಾತ ಆಗಿದ್ದರೆ ಅದನ್ನು ತಪ್ಪದೆ ತಿಳಿಸಿ.

ವೈದ್ಯರು ಮುಂದಿನ ಹತ್ತು ವರ್ಷಗಳ ಹೃದ್ರೋಗದ ಅಪಾಯವನ್ನು ಕೋಷ್ಟಕಗಳಿಂದ ಲೆಕ್ಕ ಹಾಕುವುದುಂಟು. ಅವು ವಯಸ್ಸು, ಬಿಪಿ, ಕೊಲೆಸ್ಟರಾಲ್, ಸಕ್ಕರೆ, ಧೂಮಪಾನವನ್ನು ಪರಿಗಣಿಸುತ್ತವೆ. ಕೆಮ್ಮು ಕಫವನ್ನು ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಬಳಸುವ ಲೆಕ್ಕಾಚಾರದ 2024ರ ಹೊಸ ರೂಪದಲ್ಲಿ ಸಿಒಪಿಡಿಯನ್ನು ಹೃದಯದ ಅಪಾಯದ ಅಂಶವಾಗಿ ಸೇರಿಸಿದ್ದಾರೆ, ಅದಕ್ಕೆ ಇಷ್ಟು ವರ್ಷ ಬೇಕಾಯಿತು. ಆದ್ದರಿಂದ ನಿಮ್ಮಂತಹವರಿಗೆ ಕೋಷ್ಟಕ ‘ಮಧ್ಯಮ’ ಎಂದರೆ ನಾನು ಅದನ್ನು ಒಂದು ಮೆಟ್ಟಿಲು ಮೇಲಕ್ಕೇ ಓದುತ್ತೇನೆ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮಾತನ್ನು ಬೇಗ ಎತ್ತುತ್ತೇನೆ. ಇದು ನನ್ನ ಅಭಿಪ್ರಾಯ. ನಿಮ್ಮ ವರದಿಗಳನ್ನು ಕಣ್ಣಾರೆ ನೋಡುವ ವೈದ್ಯರ ತೀರ್ಮಾನವೇ ಕೊನೆಯದು. ಒಂದು ಮಾತು ಸ್ಪಷ್ಟವಿರಲಿ: ಸ್ಟ್ಯಾಟಿನ್ ಕೆಮ್ಮಿಗೆ ಮದ್ದಲ್ಲ. ಸಿಒಪಿಡಿ ಉಲ್ಬಣವಾಗುವುದನ್ನು ಅದು ತಡೆಯುತ್ತದೆಯೇ ಎಂದು ನೋಡಿದ ದೊಡ್ಡ ಪ್ರಯೋಗವೊಂದು 2014ರಲ್ಲಿ ಇಲ್ಲವೆಂದು ಹೇಳಿತು. ಅದನ್ನು ಕೊಡುವುದು ಹೃದಯಕ್ಕಾಗಿ. ಆಸ್ಪಿರಿನ್ನನ್ನು ಮಾತ್ರ ನೆರೆಯವರು ತೆಗೆದುಕೊಳ್ಳುತ್ತಾರೆಂದು ನೀವೂ ದಿನಾ ನುಂಗಬೇಡಿ. ಹೃದಯದ ಕಾಯಿಲೆ ಪತ್ತೆಯಾಗದವರಲ್ಲಿ ಹೊಟ್ಟೆಯ ರಕ್ತಸ್ರಾವದ ಅಪಾಯ ಅದರ ಲಾಭವನ್ನು ನುಂಗಿಹಾಕಬಹುದು.

ಹದಿನೈದರಿಂದ ಮೂರಕ್ಕೆ ಇಳಿಸಿದ್ದೀರಿ. ಅದಕ್ಕೆ ಎಷ್ಟು ಮನಸ್ಸು ಗಟ್ಟಿಮಾಡಬೇಕಾಯಿತೆಂದು ನಾನು ಊಹಿಸಬಲ್ಲೆ, ಆ ಪ್ರಯತ್ನವನ್ನು ಸಣ್ಣದೆನ್ನುವುದಿಲ್ಲ. ಆದರೆ ಹೃದಯದ ಲೆಕ್ಕ ಹಾಗೆ ನಡೆಯುವುದಿಲ್ಲ. ಸಿಗರೇಟನ್ನು ಐದನೇ ಒಂದಕ್ಕೆ ಇಳಿಸಿದರೆ ಅಪಾಯವೂ ಐದನೇ ಒಂದಕ್ಕೆ ಇಳಿಯುತ್ತದೆಂದು ನಾವೆಲ್ಲ ಸಹಜವಾಗಿ ಭಾವಿಸುತ್ತೇವೆ. ಕ್ಯಾನ್ಸರ್ ವಿಷಯದಲ್ಲಿ ಆ ಭಾವನೆ ಸ್ವಲ್ಪ ಮಟ್ಟಿಗೆ ಸರಿ, ಹೃದಯದ ವಿಷಯದಲ್ಲಿ ತಪ್ಪು. 141 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸಿಗರೇಟು ಸೇದುವವರ ಹೃದಯಕ್ಕೆ ಎಷ್ಟು ಹೆಚ್ಚುವರಿ ಅಪಾಯವಿದೆಯೋ ಅದರ ಹೆಚ್ಚುಕಡಿಮೆ ಅರ್ಧದಷ್ಟು, ದಿನಕ್ಕೆ ಒಂದೇ ಒಂದು ಸೇದುವವರಿಗೂ ಇದೆ. ಕಿರುತಟ್ಟೆಗಳು ಅಂಟಿಕೊಳ್ಳಲು, ರಕ್ತನಾಳದ ಒಳಪೊರೆ ಬಿಗಿದುಕೊಳ್ಳಲು ಸ್ವಲ್ಪ ಹೊಗೆಯೇ ಸಾಕು. ಆಮೇಲೆ ಹೊಗೆ ಹೆಚ್ಚಿದಂತೆ ಕೆಡುಕು ಅದೇ ವೇಗದಲ್ಲಿ ಹೆಚ್ಚುವುದಿಲ್ಲ. ಬೇರೆಯವರ ಹೊಗೆ ಕುಡಿಯುವ ಮನೆಯವರಿಗೂ ಹೃದ್ರೋಗದ ಅಪಾಯ ಕಾಲುಭಾಗದಷ್ಟು ಏರುವುದು ಇದೇ ಕಾರಣಕ್ಕೆ. ಮೂರು ಸಿಗರೇಟು ನಿಮ್ಮ ಕೊನೆಯ ನಿಲ್ದಾಣವಾಗಬಾರದು.

ಬೀಡಿ ಎಲೆಯಲ್ಲಿ ಸುತ್ತಿದ್ದು, ತಂಬಾಕೂ ಕಡಿಮೆ, ಆದ್ದರಿಂದ ಪರವಾಗಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಬೀಡಿ ಆರದಂತೆ ಪದೇ ಪದೇ ಬಲವಾಗಿ ಎಳೆಯಬೇಕಾಗುವುದರಿಂದ ಹೊಗೆಯೂ ಕಾರ್ಬನ್ ಮೊನಾಕ್ಸೈಡೂ ಹೆಚ್ಚೇ ಒಳಹೋಗುತ್ತವೆ. ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೀಡಿ ಮಾತ್ರ ಸೇದುವವರಿಗೆ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟು ಇತ್ತು, ಸಿಗರೇಟಿನಷ್ಟೇ. ಜಗಿಯುವ ತಂಬಾಕಿನಿಂದಲೂ ಎರಡು ಪಟ್ಟಿಗಿಂತ ಹೆಚ್ಚಾಗುತ್ತಿತ್ತು. ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸಿಕೊಂಡು ಸಿಗರೇಟು ಬಿಟ್ಟೆ ಎನ್ನುವವರು ನಮ್ಮ ಕಡೆ ಬಹಳ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಇ-ಸಿಗರೇಟು 2019ರಿಂದ ದೇಶದಲ್ಲೇ ನಿಷಿದ್ಧ, ಅದರ ಚರ್ಚೆ ಇಲ್ಲಿ ಬೇಡ.

ಬಿಟ್ಟರೆ ಸಿಗುವುದೇನು? ಒಂದೆರಡು ದಿನಗಳಲ್ಲೇ ರಕ್ತದ ಕಾರ್ಬನ್ ಮೊನಾಕ್ಸೈಡ್ ಸೇದದವರ ಮಟ್ಟಕ್ಕೆ ಇಳಿಯುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನ ದೀರ್ಘ ಅಧ್ಯಯನದಲ್ಲಿ, ವರ್ಷಗಟ್ಟಲೆ ಹೆಚ್ಚು ಸೇದಿದವರು ಬಿಟ್ಟ ಐದು ವರ್ಷದೊಳಗೆ ಅವರ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಅಪಾಯ, ಬಿಡದವರಿಗಿಂತ ಶೇಕಡಾ 39ರಷ್ಟು ಕಡಿಮೆಯಿತ್ತು. ಎಂದೂ ಸೇದದವರ ಮಟ್ಟ ಮುಟ್ಟಲು ಇನ್ನೂ ಹಲವು ವರ್ಷ ಬೇಕಾಗುತ್ತದೆಂಬುದೂ ಅಲ್ಲೇ ಕಂಡಿತು, ಅದನ್ನು ಮುಚ್ಚಿಡುವುದಿಲ್ಲ. ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಗಮನಿಸಿದ ಸಂಶೋಧಕರಾದ ಡಾಲ್ ಮತ್ತು ಪೀಟೊ ಅವರ ಲೆಕ್ಕದಲ್ಲಿ, ಐವತ್ತನೇ ವಯಸ್ಸಿಗೆ ಬಿಟ್ಟವರಿಗೆ ಸರಾಸರಿ ಆರು ವರ್ಷದ ಆಯುಷ್ಯ ಮರಳಿ ದೊರೆಯಿತು. ಮೇಲೆ ಹೇಳಿದ ಲಂಗ್ ಹೆಲ್ತ್ ಸ್ಟಡಿಯಲ್ಲಿ ಬಿಟ್ಟವರ ಶ್ವಾಸಕೋಶದ ಶಕ್ತಿ ವರ್ಷಕ್ಕೆ ಸುಮಾರು 30 ಮಿಲಿಲೀಟರಿನಷ್ಟು, ಬಿಡದವರದು ಅದರ ಎರಡರಷ್ಟು ವೇಗದಲ್ಲಿ ಕುಗ್ಗುತ್ತಿತ್ತು.

ಮನೋಬಲವೊಂದರಿಂದಲೇ ಬಿಡಬೇಕೆಂಬ ಹಟ ಬೇಡ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಮತ್ತು ನಿಕೋಟಿನ್ ಚೂಯಿಂಗ್ ಗಮ್ ಹೃದಯಕ್ಕೆ ಕೆಟ್ಟದ್ದೆಂಬ ಭಯ ಇದೆ. ಸ್ಥಿರವಾದ ಹೃದ್ರೋಗ ಇರುವವರಲ್ಲೂ ಅವು ಸಿಗರೇಟಿಗಿಂತ ಬಹಳ ಸುರಕ್ಷಿತ, ಏಕೆಂದರೆ ಹೊಗೆ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ. ವರೆನಿಕ್ಲಿನ್, ಬುಪ್ರೋಪಿಯಾನ್ ಎಂಬ ಮಾತ್ರೆಗಳನ್ನು ವೈದ್ಯರ ಚೀಟಿಯ ಮೇಲೆ ತೆಗೆದುಕೊಳ್ಳಬಹುದು. ಮೂರ್ಛೆರೋಗ ಇರುವವರಿಗೆ ಬುಪ್ರೋಪಿಯಾನ್ ಆಗದು. ಸಿಗರೇಟು ಪೊಟ್ಟಣದ ಮೇಲೆಯೇ ಮುದ್ರಿಸಿರುವ 1800-11-2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಲಹೆಗಾರರು ದಿನ ನಿಗದಿ ಮಾಡಿಸಿ, ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ.

ಬಿಟ್ಟ ಮೊದಲ ವಾರಗಳಲ್ಲಿ ಎರಡು ಸಂಗತಿಗಳು ಹೆದರಿಸಬಹುದು. ಶ್ವಾಸನಾಳದ ಒಳಗಿನ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕಿಳಿದು ಕಫ ಹೊರಹಾಕುವುದರಿಂದ ಕೆಮ್ಮು ಕೆಲಕಾಲ ಹೆಚ್ಚಾಗಬಹುದು. ಸಿಗರೇಟು ಬಿಟ್ಟದ್ದೇ ತಪ್ಪಾಯಿತೆಂದು ಮರಳುವವರು ಈ ಹಂತದಲ್ಲೇ ಮರಳುತ್ತಾರೆ. ಎರಡನೆಯದು ಕಾಫಿ. ಸಿಗರೇಟಿನ ಹೊಗೆಯಲ್ಲಿರುವ ವಸ್ತುಗಳು ಯಕೃತ್ತನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತವೆ. ಸಿಗರೇಟು ನಿಂತಾಗ ಆ ಚುರುಕು ಇಳಿಯುತ್ತದೆ, ಅದೇ ಲೋಟ ಫಿಲ್ಟರ್ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಜನ ಅದನ್ನು ಸಿಗರೇಟಿಲ್ಲದ ಸಂಕಟವೆಂದುಕೊಳ್ಳುತ್ತಾರೆ. ದಿನಕ್ಕೆ ಐದಾರು ಲೋಟ ಕುಡಿಯುವವರಾದರೆ ಅರ್ಧಕ್ಕೆ ಇಳಿಸಿ. ದಮ್ಮಿಗೆ ಕೊಡುವ ಥಿಯೋಫಿಲಿನ್ ಮಾತ್ರೆಗೂ ಇದೇ ಅನ್ವಯಿಸುತ್ತದೆ. ಅದನ್ನು ನುಂಗುತ್ತಿರುವವರು ಸಿಗರೇಟು ಬಿಟ್ಟಾಗ ಪ್ರಮಾಣ ಇಳಿಸದಿದ್ದರೆ ವಾಂತಿ, ಬಡಿತದ ಏರುಪೇರು ಬರಬಹುದು, ವೈದ್ಯರಿಗೆ ಹೇಳಲೇಬೇಕು.

ಇನ್‌ಹೇಲರ್ ಬಿಟ್ಟು ಸಿರಪ್ ಹಿಡಿದದ್ದು ಹೃದಯದ ದೃಷ್ಟಿಯಿಂದ ಸರಿಯಾಗಲಿಲ್ಲ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಇನ್‌ಹೇಲರ್‌ನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧದ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ, ಅಂದರೆ ಇಪ್ಪತ್ತು, ನಲವತ್ತು ಪಟ್ಟು ಇರುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಇದೇ ಜಾತಿಯ ಟರ್ಬುಟಲಿನ್ ಇರುತ್ತದೆ, ಕೆಲವದರಲ್ಲಿ ಬಿಪಿ ಏರಿಸುವ ಫಿನೈಲ್‌ಎಫ್ರಿನ್ ಇರುತ್ತದೆ. ಹೃದಯವನ್ನು ಉಳಿಸಿಕೊಳ್ಳಲೆಂದು ಇನ್‌ಹೇಲರ್ ಬಿಟ್ಟು ನೀವು ಅದಕ್ಕೆ ಹೆಚ್ಚಿನ ಪ್ರಮಾಣವನ್ನೇ ಕೊಡುತ್ತಿರಬಹುದು. ಬಾಟಲಿಯ ಮೇಲಿನ ಹೆಸರುಗಳನ್ನು ಔಷಧ ಅಂಗಡಿಯವರಿಂದ ಓದಿಸಿ. ಹಾಗೆಂದು ನಿಮಗೆ ಇನ್‌ಹೇಲರ್ ಬೇಕೇಬೇಕೆಂದು ನಾನು ಇಲ್ಲಿಂದಲೇ ಹೇಳಲಾರೆ. ಸ್ಪೈರೊಮೆಟ್ರಿ ಸರಿಯಿದ್ದೂ ಲಕ್ಷಣಗಳಿರುವ ಧೂಮಪಾನಿಗಳಿಗೆ ಎರಡು ಬಗೆಯ ಶ್ವಾಸನಾಳ ಹಿಗ್ಗಿಸುವ ಔಷಧಗಳನ್ನು ಹನ್ನೆರಡು ವಾರ ಕೊಟ್ಟು ನೋಡಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆದರೆ ನಿಮಗೆ ಅಸ್ತಮಾದ ಅನುಮಾನದ ಮೇಲೆ ಕೊಟ್ಟಿದ್ದರೆ ಕಥೆಯೇ ಬೇರೆ. ಆಗ ಅದನ್ನು ಬಿಡುವುದು ಅಪಾಯ. ಯಾವ ಕಾರಣಕ್ಕೆ ಕೊಟ್ಟರೆಂದು ಕೇಳಿ ತಿಳಿದುಕೊಳ್ಳಿ. ಇದಕ್ಕೆ ಎದುರಾದ ತಪ್ಪೂ ನಡೆಯುತ್ತದೆ: ಹೃದಯಾಘಾತವಾದ ಸಿಒಪಿಡಿ ರೋಗಿಗಳಿಗೆ ದಮ್ಮು ಬರುತ್ತದೆಂದು ಬಡಿತ ಇಳಿಸಿ ಹೃದಯದ ಹೊರೆ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನೇ ಕೊಡದೆ ಬಿಡುವುದು. ಬಿಸೊಪ್ರೊಲಾಲ್, ಮೆಟೊಪ್ರೊಲಾಲ್‌ನಂತಹ ಹೃದಯದ ಮೇಲೆಯೇ ಹೆಚ್ಚು ಕೆಲಸ ಮಾಡುವ ಮಾತ್ರೆಗಳನ್ನು, ಹೃದಯಕ್ಕೆ ಬೇಕಾಗಿದ್ದಾಗ, ಸಿಒಪಿಡಿ ಇದ್ದವರಿಗೂ ಎಚ್ಚರಿಕೆಯಿಂದ ಕೊಡಬಹುದು. ಅಸ್ತಮಾದಲ್ಲಿ ಮಾತ್ರ ಬಹಳ ಯೋಚಿಸಬೇಕು.

ಕಫ ಹಳದಿ ಹಸಿರಾಗಿ, ಜ್ವರ ಬಂದು, ದಮ್ಮು ಇದ್ದಕ್ಕಿದ್ದಂತೆ ಹೆಚ್ಚಾಗುವ ದಿನಗಳನ್ನು ಹಗುರವಾಗಿ ಕಾಣಬೇಡಿ. ಸಿಒಪಿಡಿ ರೋಗಿಗಳ ದಾಖಲೆಗಳನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂತಹ ಉಲ್ಬಣ ಶುರುವಾದ ಮೊದಲ ಐದು ದಿನಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ಮೆಡಿಕಲ್ ಅಂಗಡಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಕೇಳಿ ಪಡೆದು ನುಂಗಿದರೆ ದಮ್ಮು ತಗ್ಗಬಹುದು, ಜೊತೆಗೆ ಸಕ್ಕರೆಯೂ ಬಿಪಿಯೂ ಏರುತ್ತವೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ವಿಚಾರವನ್ನು ವೈದ್ಯರ ಬಳಿ ಮಾತಾಡಿ. ಹೃದಯಾಘಾತವಾದವರಲ್ಲಿ ಅದು ಮುಂದಿನ ಸಾವು ನೋವನ್ನು ಕಡಿಮೆ ಮಾಡಿದ್ದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡಿದೆ.

ಎದೆಯ ನಡುವೆ ಒತ್ತಿ ಹಿಡಿದಂತಹ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಎಂದಿಲ್ಲದ ದಮ್ಮು ಇವುಗಳಲ್ಲಿ ಯಾವುದಾದರೂ ಬಂದು ಹತ್ತು ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ, ಬೈಕ್ ಹತ್ತಿ ಒಬ್ಬರೇ ಹೊರಡಬೇಡಿ, 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಆ ಮದ್ದು ಮೊದಲ ಕೆಲವು ಗಂಟೆಗಳಲ್ಲಿ ಬಿದ್ದರೆ ಮಾತ್ರ ಹೃದಯದ ಸ್ನಾಯು ಉಳಿಯುತ್ತದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯನ್ನು ದಾಟಿಕೊಂಡು ದೊಡ್ಡ ಊರಿಗೆ ಹೋಗುವ ಆತುರದಲ್ಲಿ ಆ ಗಂಟೆಗಳು ದಾರಿಯಲ್ಲೇ ಕಳೆದುಹೋಗುತ್ತವೆ.

ಕೊನೆಯದಾಗಿ ನಿಮ್ಮ ಬ್ಯಾರನ್. ಸೊಪ್ಪು ಬೇಯುವ ಕೋಣೆಗೆ ಹೊಗೆ ಹೋಗದಂತೆ ಕೊಳವೆಗಳಿದ್ದರೂ ಒಲೆಗೆ ಸೌದೆ ತುಂಬುವವರು ರಾತ್ರಿಯೆಲ್ಲ ಅದರ ಬಾಯಿಯ ಎದುರಿಗೇ ಇರುತ್ತಾರೆ. ಸೌದೆಯ ಹೊಗೆಯಲ್ಲೂ ಕಾರ್ಬನ್ ಮೊನಾಕ್ಸೈಡ್ ಮತ್ತು ಸೂಕ್ಷ್ಮ ಕಣಗಳು ಇವೆ, ಕೆಮ್ಮಿರುವ ಎದೆಗೂ ಹೃದಯಕ್ಕೂ ಅವು ಸಿಗರೇಟಿನ ಜೊತೆ ಸೇರಿಕೊಳ್ಳುತ್ತವೆ. ಒಲೆಯ ಮುಂದೆ ಒಬ್ಬರೇ ಕೂರದೆ ಪಾಳಿ ಮಾಡಿಕೊಳ್ಳಿ, ಚೆನ್ನಾಗಿ ಒಣಗಿದ ಸೌದೆಯನ್ನೇ ಹಾಕಿ, ಕೊಳವೆಯ ಬಿರುಕುಗಳನ್ನು ಹಂಗಾಮಿಗೆ ಮುಂಚೆ ಮುಚ್ಚಿಸಿ. ಹಸಿ ಎಲೆ ಕೊಯ್ಯುವಾಗ, ಅದರಲ್ಲೂ ಇಬ್ಬನಿ ಮಳೆಯಲ್ಲಿ ನೆನೆದಿರುವಾಗ, ಚರ್ಮದ ಮೂಲಕವೂ ನಿಕೋಟಿನ್ ಮೈಗೆ ಸೇರಿ ತಲೆಸುತ್ತು, ವಾಂತಿ, ಬಡಿತದ ಏರುಪೇರು ಬರುವುದುಂಟು. ಕೈಗವಸು, ತೋಳು ಮುಚ್ಚುವ ಅಂಗಿ ಇರಲಿ, ನಿಕೋಟಿನ್ ಪಟ್ಟಿ ಹಾಕಿಕೊಂಡ ದಿನಗಳಲ್ಲಿ ಕೊಯ್ಲಿಗೆ ಇಳಿಯುವುದಾದರೆ ವೈದ್ಯರಿಗೆ ಮೊದಲೇ ತಿಳಿಸಿ. ಮನೆಯಲ್ಲಿ ಸೌದೆ ಒಲೆಯಿದ್ದು ನಿಮ್ಮ ಮನೆಯವರಿಗೂ ಕೆಮ್ಮಿದ್ದರೆ, ಅವರು ಎಂದೂ ಸಿಗರೇಟು ಸೇದಿಲ್ಲವೆಂದು ಸುಮ್ಮನಿರದೆ, ನೀವು ಹಾಸನಕ್ಕೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ ಬಿಪಿ, ಸಕ್ಕರೆ ಮತ್ತು ಊದಿಸುವ ಪರೀಕ್ಷೆ ಮಾಡಿಸಿ.